ಬೆಲೆಯ ಅಂಕಣ

ಇಂಡಿಯಾನಾದ ಬೇರಿಂಗ್ ಕಾರ್ಖಾನೆಗೆ
ತೆರಿಗೆ ಕಚೇರಿಯ ವೆಂಡೆಲ್ ಬಂದ, ಬೂಟಿನ ಹಿಮ ಕೊಡವುತ್ತ.
ಲೇತು ಬರೆದ. ಫೋರ್ಕ್‌ಲಿಫ್ಟು ಬರೆದ.
ಕ್ಯಾಂಟೀನಿನ ಮುರುಕು ಕುರ್ಚಿಗೂ ಬೆಲೆ ಕಟ್ಟಿದ.

ಗೋದಾಮಿನ ಮೂಲೆಯಲ್ಲೊಂದು ಬೀಗದ ಕಪಾಟು:
ಡಾಕ್ಸಿಸೈಕ್ಲಿನ್, ಅಟ್ರೋಪಿನ್ ಸೂಜಿ.
"ಊರಿಗೆ ಕೇಡು ಬಂದ ದಿನಕ್ಕೆ" ಅಂದಳು ಇರ್ಮಾ.
"ಮಾರಲ್ಲ ತಾನೆ?"
"ಇಲ್ಲ."
ಮಾರದ ಮದ್ದಿಗೆ ತೆರಿಗೆ ಮಾಫಿ.

ಆದರೂ ಎಣಿಸಿದ; ಎಣಿಸುವುದು ಅವನ ಚಾಳಿ.
ಪೊಟ್ಟಣ ನಾನೂರ ಹನ್ನೆರಡು.
ಹಾಜರಿ ಪುಸ್ತಕದಲ್ಲಿ ಮುನ್ನೂರು ಚಿಲ್ಲರೆ.

"ಹೆಚ್ಚಿವೆಯಲ್ಲ?"

ಇರ್ಮಾ ಬೀಗದ ಕೈ ತಿರುವುತ್ತ ನಿಂತಳು.
"ಹೋದ ಮಾರ್ಚಿನಲ್ಲಿ ಹಾಜರಿಯಿಂದ ಹೆಸರು ಹೊಡೆದೆವು.
ಕಪಾಟಿನಿಂದ ತೆಗೆಯಲು
ಕೈ ಬರಲಿಲ್ಲ."

ಮೇಲಿನ ಪೊಟ್ಟಣದಲ್ಲಿ ಮಾಸಿದ ಪೆನ್ಸಿಲಿನ ಬರಹ:
ಝೆಲಾಸ್ಕೊ, ಮಗು ಸೇರಿ ನಾಲ್ವರು.

ವೆಂಡೆಲ್ ಸೊನ್ನೆ ಬರೆದ,
ಅಂಕಣದ ಗೆರೆ ದಾಟುವಷ್ಟು
ದೊಡ್ಡದಾಗಿ.