ಹೇಳಲಾರೆ

ಹನ್ನೊಂದನೇ ಪ್ರಶ್ನೆ ಅಷ್ಟೊತ್ತಿಗೆ
ನನ್ನ ಬಾಯಲ್ಲೇ ಸವೆದು ಹೋಗಿತ್ತು:
ಔಷಧಿಗೆಂದು ಗಾಂಜಾ ಬಳಸಲು
ಕಾನೂನು ಒಪ್ಪಬೇಕೆ?
ಹೌದು. ಇಲ್ಲ. ಹೇಳಲಾರೆ.
ಮೂರು ಚೌಕ, ಒಂದು ಟಿಕ್ಕು,
ಫಾರಮ್ಮಿಗೆ ಹದಿನಾಲ್ಕು ರೂಪಾಯಿ,
ಮನೆಗೆ ಒಂದೇ ಫಾರಂ.

ಹೊಂಡದ ಸರ್ಕಲ್ಲಿನ ದೋಸೆ ಹೋಟೆಲಲ್ಲಿ
ಕಾವಲಿ ಮೇಲೆ ಬೆಣ್ಣೆ ಕರಗುವಷ್ಟರಲ್ಲಿ
ಐದು ಜನ ಕೈ ಎತ್ತಿದರು.
"ಹೌದು ಅಂತ ಬರ್ಕೊಳ್ಳವ್ವ, ನಾವೆಲ್ಲ ಪೇಷೆಂಟೇ!"
ಅವರದು ಲೆಕ್ಕಕ್ಕಿಲ್ಲ. ನನಗೂ ನಗು ಬಂತು ಅನ್ನಿ.

ಮಂಡಕ್ಕಿ ಭಟ್ಟಿ ಸಾಲಿನಲ್ಲಿ ಜೈತುನ್‌ಬಿ
ಕಾದ ಮರಳಿನಿಂದ ಕಣ್ಣು ತೆಗೆಯದೆ ಇಲ್ಲವೆಂದಳು.
ಮುಚ್ಚಿದ ಮಿಲ್ಲಿನ ಗೋಡೆ ಹಿಂದೆ ಸಂಜೆ ಹೊತ್ತು
ಹುಡುಗರು ಕೂರುವುದನ್ನು ದಿನಾ ನೋಡುತ್ತಾಳೆ.
ಆಮೇಲೆ ಜರಡಿ ಕೆಳಗಿಟ್ಟು,
"ಬಂದರೆ ನಮ್ಮಂಥವರಿಗೂ ಸಿಗತೈತಾ,
ಇಲ್ಲಾ ದುಡ್ಡಿದ್ದವರ ನೋವಿಗಷ್ಟೇನಾ?"
ಪ್ರಶ್ನೆಗೆ ಪ್ರಶ್ನೆ ಬರೆಯಲು ಜಾಗವಿರಲಿಲ್ಲ.
ಅಂಚಿನಲ್ಲಿ ಬರೆದೆ.
ಹಸಿ ಶಾಯಿಗೆ ಹೊಟ್ಟು ಹಾರಿ ಬಂದು ಅಂಟಿತು.

ನಾಲ್ಕು ಗಂಟೆಗೆ ಮುರಿಗೆಪ್ಪನವರ ಮನೆ.
ಅಬಕಾರಿಯಲ್ಲಿ ಜಮಾದಾರರು, ಮೂವತ್ತೊಂದು ವರ್ಷ.
ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಶುರುವಿಟ್ಟರು:
"ಚಳ್ಳಕೆರೆ ಕಡೆ ತೊಗರಿ ಸಾಲಿನ ನಡುವೆ
ನಾನು ಕಿತ್ತ ಗಿಡಕ್ಕೆ ಲೆಕ್ಕ ಐತಿ.
ಒಂದೊಂದೂ ಎಣಿಸಿ, ತೂಗಿ, ಪಂಚನಾಮೆ ಬರೆದು,
ಸೀಮೆಎಣ್ಣೆ ಸುರಿದು ಕಡ್ಡಿ ಗೀರೋದು.
ಹೊಗೆ ಬಂದ ಕಡೆ ಬೆನ್ನು ಮಾಡಿ ನಿಲ್ಲೋದು, ಅದು ರೂಲು.
ಇಲ್ಲ ಅಂತ ಹಾಕವ್ವ. ದಪ್ಪಗೆ ಹಾಕು."

ಒಳಕೋಣೆಯಲ್ಲಿ ಯಾರೋ ಎಣಿಸುತ್ತಿದ್ದರು.
ಅರವತ್ತೇಳು. ಅರವತ್ತೆಂಟು.
ಮಗುವಿಗೆ ಮಗ್ಗಿ ಹೇಳಿಕೊಡುವ ದನಿ ಅಲ್ಲ.

"ನಮ್ಮ ಮನೆಯಾಕೆ," ಅಂದರು ಮುರಿಗೆಪ್ಪ,
"ಸೊಂಟದ ಎಲುಬಿಗೆ ಇಳಿದೈತಿ.
ನೋವು ಬಂದಾಗ ಎಣಿಸ್ತಾಳೆ.
ಯುಗಾದಿ ಹೊತ್ತಿಗೆ ನಲವತ್ತಕ್ಕೆ ನಿಲ್ಲೋದು.
ಈಗ ಮುನ್ನೂರು ದಾಟತೈತಿ."
ಗಡಿಯಾರ ನೋಡಿದರು, ಅಂಗೈ ನೋಡಿಕೊಂಡರು.
"ಟಿಕ್ಕು ಹಾಕಿಬಿಟ್ಟೆಯೇನವ್ವ?"
ಇನ್ನೂ ಇಲ್ಲ ಅಂದೆ.
"ಸ್ವಲ್ಪ ತಡಿ."

ಎಣಿಕೆ ನಿಂತಿತು. "ಯಾರ್ರೀ ಅದು?"
"ಸರ್ವೆಯವರು, ಹಾಲಮ್ಮ."
"ಏನು ಕೇಳ್ತಾರಂತೆ?"
ಕೋರ್ಟಿನಲ್ಲಿ ಕಟಕಟೆ ಅದುರುವಂತೆ ಹೇಳುತ್ತಿದ್ದ ಆ ಹೆಸರು
ಅವರ ಬಾಯಿಗೆ ಬರಲಿಲ್ಲ.
"ಅದೇ… ಸೊಪ್ಪಿನ ವಿಷಯ."

ಒಳಗಿಂದ ನಗು ಬಂತು, ತೆಳ್ಳಗೆ, ಪೂರ್ತಿ ಅಲ್ಲ.
"ನಿಮ್ಮ ಖಾಕಿ ಒಗೆದವಳು ನಾನು.
ಅದರ ವಾಸನೆ ನನಗೆ ನಿಮಗಿಂತ ಚೆನ್ನಾಗಿ ಗೊತ್ತು.
ಆ ಹುಡುಗಿಗೆ ಹೇಳಿ,
ನನ್ನನ್ನು ಕೇಳೋದಿದ್ದರೆ ರಾತ್ರಿ ಎರಡಕ್ಕೆ ಬರಲಿ.
ಹಗಲು ಹೊತ್ತು ಎಲ್ಲರಿಗೂ ಅಭಿಪ್ರಾಯ ಇರತೈತಿ."

ಮುರಿಗೆಪ್ಪ ನನ್ನ ಕೈಯಿಂದ ಪೆನ್ನು ತಗೊಂಡರು.
ಮುಚ್ಚಳ ಹಾಕಿದರು. ವಾಪಸು ಕೊಟ್ಟರು.

ನಾನು ಹೋಗಲಿಲ್ಲ, ಎರಡು ಗಂಟೆಗೆ.
ನಿಟ್ಟುವಳ್ಳಿಯ ರೂಮಿನಲ್ಲಿ ಎದ್ದಿದ್ದೆ, ಅಷ್ಟೇ.
ದೂರದಲ್ಲಿ ಗೂಡ್ಸು ಹೋಯಿತು.
ಕಿವಿಯಲ್ಲೇ ಬೋಗಿ ಎಣಿಸಿದೆ: ಐವತ್ತೆಂಟಕ್ಕೆ ಮುಗಿಯಿತು.
ಬಾಯಿ ಸುಮ್ಮನಾಗಲಿಲ್ಲ,
ಐವತ್ತೊಂಬತ್ತು, ಅರವತ್ತು,
ಇನ್ನೂರರ ಹತ್ತಿರ ನಿದ್ದೆ ಬಂತು. ನನಗೆ ಬಂತು.

ಸೋಮವಾರ ಸೂಪರ್‌ವೈಸರ್ ಒಂದು ಹಾಳೆ ಪಕ್ಕಕ್ಕಿಟ್ಟ.
"ಏನ್ರೀ ಇದು? ಭೇಟಿಯ ವೇಳೆ ರಾತ್ರಿ ಎರಡು,
ಉತ್ತರ ಖಾಲಿ.
ಹೇಳಲಾರೆ ಅಂತ ನಾನೇ ಹಾಕ್ಕೊಳ್ಳಲಾ?"

ಬೇಡ ಅಂದೆ. ಆಕೆ ಹೇಳಿದ್ದಾರೆ.

ಹದಿನಾಲ್ಕು ರೂಪಾಯಿ ಹಿಡಿದುಕೊಂಡರು.