ಗಿಡ್ಡ ನಲ್ಲಿ

ನನ್ನ ಕೋಣೆಯ ನಂಬರು ಏಳು.
ಬಾಡಿಗೆಯಿಲ್ಲ. ವಾರಕ್ಕೊಂದು ಚೀಲ ಕಲ್ಲಿದ್ದಲು,
ಕ್ರಿಸ್‌ಮಸ್ಸಿಗೆ ಉಣ್ಣೆಯ ಶಾಲು, ಒಂದು ಪೊಟ್ಟಣ ಚಹಾಪುಡಿ.
ಕೊಟ್ಟವನು ಏಮಸ್ ಥ್ರೆಲ್ಕೆಲ್ಡ್.
ಹೋದ ಮಂಗಳವಾರ ಅವನನ್ನು ಮಣ್ಣಿಗಿಟ್ಟರು.
ಪಾದ್ರಿ ಅಂದ: ಮಹಾದಾನಿ.
ಲೀಡ್ಸಿನ ಪತ್ರಿಕೆ ಬರೆಯಿತು: ಬೆಟ್ಟಗಳ ಸೊಕ್ಕು ಮುರಿದವನು.
ನಾನು ಏನೂ ಅನ್ನಲಿಲ್ಲ.
ಕೊಡೆ ಹಿಡಿದು ನಿಂತಿದ್ದೆ.

ನಾನವನನ್ನು ಮೊದಲು ಕಂಡಾಗ
ಹಿತ್ತಾಳೆಯ ಅಳತೆಯ ದುರ್ಬೀನಿಗೆ ತನ್ನ ಕೋಟು ಹೊದಿಸಿ
ತಾನು ತೊಪ್ಪೆಯಾಗಿ ನೆನೆದು
ನಮ್ಮ ಕುರಿಹಟ್ಟಿಯ ಬಾಗಿಲಲ್ಲಿ ನಿಂತಿದ್ದ.
ಮರದ ಮೆಟ್ಟು ಕೆತ್ತುವವನ ಮಗ,
ಬೆರಳುಗಳಲ್ಲಿ ಅಪ್ಪನ ಉಳಿಯ ಗಾಯದ ಗುರುತು.
ಅವ್ವನನ್ನು ಕೇಳಿದ:
ಮಳೆ ಬಂದರೆ ಈ ಗುಡ್ಡದ ನೀರೆಲ್ಲ ಎತ್ತ ಹೋಗುತ್ತದೆ?
ಅವ್ವ ಹಾಲು ಕರೆಯುತ್ತಲೇ ಅಂದಳು:
ಅದಕ್ಕೆ ಬೇಕಾದತ್ತ.
ಅವನು ನಕ್ಕ.
ಬರೆದುಕೊಳ್ಳಲಿಲ್ಲ.

ಆಮೇಲೆ ಬಂದರು ಗುದ್ದಲಿಯವರು, ಸಾವಿರದ ಲೆಕ್ಕದಲ್ಲಿ,
ಐರ್ಲೆಂಡಿನವರು, ಲಿಂಕನ್‌ಶೈರಿನವರು, ಊರು ಹೇಳದವರು.
ಜೌಗು ನೆಲಕ್ಕೆ ಉಣ್ಣೆಯ ಮೂಟೆ ಸುರಿದರು; ನುಂಗಿತು.
ಕಲ್ಲು ಸುರಿದರು; ನುಂಗಿತು.
ಕೊನೆಗೆ ಸಾಕೆನಿಸಿತೋ ಏನೋ, ತಡೆದು ನಿಂತಿತು,
ಅದರ ಮೇಲೆ ಎದ್ದವು ಇಪ್ಪತ್ತೊಂದು ಕಮಾನು.
ಕಮಾನಿನಾಚೆ ಸುರಂಗ.
ಸುರಂಗದೊಳಗೆ ನನ್ನ ಜೇಬೆಜ್,
ಹಲ್ಲಿನಲ್ಲಿ ಪೈಪು, ಟೋಪಿಯ ಮೇಲೆ ಮೇಣದ ಬತ್ತಿ.

ಮಾರ್ಚ್ ತಿಂಗಳ ಒಂದು ರಾತ್ರಿ
ನೀರು ತನಗೆ ಬೇಕಾದತ್ತ ಹೋಯಿತು.

ಹತ್ತೊಂಬತ್ತು ಜನ ಎಂದಿತು ಹಾಜರಿ ಪುಸ್ತಕ.
ದೈವದ ಕೆಲಸ ಎಂದಿತು ವಿಚಾರಣೆ.
ಐದು ಪೌಂಡು, ಒಂದು ಶವಪೆಟ್ಟಿಗೆ ಎಂದಿತು ಕಂಪನಿ.
ಥ್ರೆಲ್ಕೆಲ್ಡ್ ಸಾಕ್ಷಿಯ ಕಟ್ಟೆಯಲ್ಲಿ ನಿಂತು
ತನ್ನ ಲೆಕ್ಕ ಸರಿಯಿತ್ತು ಅಂದ.
ಸರಿಯೇ ಇತ್ತಂತೆ. ಬಲ್ಲವರು ಮತ್ತೆ ಮತ್ತೆ ಕೂಡಿ ಕಳೆದು ನೋಡಿದರು.

ಬ್ಯಾಂಡು ಬಾರಿಸಿದರು, ಮೊದಲ ರೈಲು ಹಾದುಹೋಯಿತು.
ಅವನೂ ಹೋದ. ಪೋರ್ಚುಗಲ್ಲಂತೆ, ಚಿಲಿಯಂತೆ,
ಅಲ್ಲೆಲ್ಲ ಬೆಟ್ಟ ಇವೆಯಂತೆ.
ಮರಳಿದಾಗ ಗಡ್ಡ ಬಿಳಿದಾಗಿತ್ತು, ಜೇಬು ತುಂಬಿತ್ತು.
ಊರಿಗೆ ಶಾಲೆ ಕಟ್ಟಿಸಿದ, ಆಸ್ಪತ್ರೆಗೆ ಹಾಸಿಗೆ ಕೊಟ್ಟ,
ದಿಕ್ಕಿಲ್ಲದವರಿಗೆಂದು ಈ ಸಾಲುಮನೆ.
ಹತ್ತೊಂಬತ್ತು ಕೋಣೆ.
ಮೂಲೆಯಲ್ಲಿ ಜಾಗವಿದೆಯಲ್ಲ ಸ್ವಾಮಿ,
ಇಪ್ಪತ್ತು ಮಾಡಿದರೆ ಸಾಲು ಚೆಂದ ಎಂದ ಮೇಸ್ತ್ರಿ.
ಮೂಲೆಗೆ ನಲ್ಲಿ ಎಂದ ಇವನು.

ಕಲ್ಲಿನ ತೊಟ್ಟಿ, ಸರಪಳಿಗೆ ಕಬ್ಬಿಣದ ಲೋಟ,
ಎಲ್ಲ ಸರಿ, ಆದರೆ ಎಷ್ಟು ಗಿಡ್ಡ!
ಪಾದ್ರಿಯ ನಡು ಹಿಡಿಯಿತು.
ಮೇಯರನ ಟೋಪಿ ತೊಟ್ಟಿಗೆ ಬಿತ್ತು.
ಎತ್ತರಿಸಿ ಎಂದು ಊರವರು ಅರ್ಜಿ ಕೊಟ್ಟರು.
ಬಗ್ಗಲಿ ಅಂದ. ಅಷ್ಟೇ ಅಂದ.

ನನಗೂ ಹೊಳೆಯಲಿಲ್ಲ, ಎರಡು ಚಳಿಗಾಲ.
ಒಂದು ಸಂಜೆ ಲೋಟ ತೊಳೆಯುವಾಗ ನೆನಪಾದ ಡಿಕ್ಕನ್,
ಸುರಂಗದವರಿಗೆ ಚಹಾ ಒಯ್ಯುತ್ತಿದ್ದ ಹುಡುಗ.
ಒಂಬತ್ತು ವರ್ಷ; ಹತ್ತಾಗದೆ ಹಾಜರಿಗೆ ಹೆಸರಿಲ್ಲ.
ಡಬ್ಬಿ ಹಿಡಿದು ನಮ್ಮ ಗುಡಿಸಲಿಗೆ ಬರುವಾಗ
ಅವನ ಗಲ್ಲ ಬಾಗಿಲ ಅಗುಳಿಗೆ ಸರಿಯಾಗಿ ತಾಗುತ್ತಿತ್ತು.
ಆ ಗುಡಿಸಲಿನ್ನೂ ಇದೆ, ಈಗ ಕೋಳಿಗಳಿಗೆ.
ಏಪ್ರನ್ನಿನ ದಾರದಿಂದ ಅಗುಳಿಯ ಎತ್ತರ ಅಳೆದೆ,
ತಂದು ನಲ್ಲಿಗೆ ಹಿಡಿದೆ.
ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.
ಅಳತೆಯಲ್ಲಿ ಗಟ್ಟಿಗ, ಯಾವತ್ತೂ.

ಒಮ್ಮೆ ಅವನೇ ಬಂದ, ಕೋಲೂರಿ, ಒಬ್ಬನೇ.
ಕುಡಿಯಲು ಬಗ್ಗಿದವನು ಮೇಲೇಳಲಾರದೆ ಹೋದ.
ಕೈ ಕೊಟ್ಟೆ. ಹಗುರವಾಗಿದ್ದ.
ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.
ನಿಮ್ಮವ್ವ ಹೇಳಿದ್ದರು, ಅಂದ.
ಹೌದು, ಅಂದೆ.
ಇನ್ನೂ ಏನೋ ಹೇಳುವವನಿದ್ದ,
ಅಷ್ಟರಲ್ಲಿ ನಾಲ್ಕೂ ಹತ್ತರ ಗಾಡಿ ಕಮಾನಿನ ಮೇಲೆ ಬಂತು.

ಕ್ಷಮಿಸಿದೆಯಾ ಎಂದು ಯಾರೂ ಕೇಳಿಲ್ಲ ನನ್ನನ್ನು.
ಕೇಳಿದರೆ ಏನನ್ನುವೆನೋ.
ಕಲ್ಲಿದ್ದಲು ಉರಿಸುತ್ತೇನೆ, ಶಾಲು ಹೊದೆಯುತ್ತೇನೆ,
ಲೋಟಕ್ಕೆ ತುಕ್ಕು ಹಿಡಿಯದಂತೆ ಉಜ್ಜಿಡುತ್ತೇನೆ.
ಮೂರೂವರೆಗೆ ಶಾಲೆ ಬಿಡುತ್ತದೆ.
ನೂಕಾಡಿಕೊಂಡು ಬರುತ್ತವೆ ಮಕ್ಕಳು,
ಬಗ್ಗದೆ ಕುಡಿಯುತ್ತವೆ.