ಹದಿನೆಂಟು ಅಂತ ಬರದದ

ಹಲಗಿ ಮ್ಯಾಲ ನೀಲಿ ಶಿಕ್ಕಾ: ಹದಿನೆಂಟು.
ಗದಗ ಸ್ಟೇಷನ್ ರೋಡಿನ ಪಟೇಲರು
ಬಿಲ್ಲಿನ್ಯಾಗ ಬರದದ್ದೂ ಹದಿನೆಂಟು.
ನಂಬಿದೆ. ಬೆಟಗೇರಿಯ ಕುದರಿಯವರ ಪಡಸಾಲ್ಯಾಗ ಕೂತು
ಹದಿನೆಂಟರ ಬಿಟ್ ಹಾಕಿ ಕಚ್ಚು ಕೊರದೆ.
ಹಲಗಿ ಒಳಗ ಹೋತು.
ಹೋತು ಅಂದ್ರ, ಸುಮ್ಮನ ಹೋತು,
ಕೊಡತಿ ಪೆಟ್ಟು ಬೇಡಲಿಲ್ಲ, ಒಂದೀಟು ಬಿಗೀಲಿಲ್ಲ,
ಕಾಲು ತೊಳೀದ ಒಳಗ ಬಂದ ಬೀಗರಂಗ.
ಅಲ್ಲಾಡಿಸಿ ನೋಡಿದೆ.
ಲೊಟಲೊಟ ಅಂತು.

ನಮ್ಮಪ್ಪ ಮೋನಪ್ಪ ನೂಲಿನ ಮನಷ್ಯಾ.
ಎಂಟು ನೂಲಿಗೆ ಒಂದು ಇಂಚು,
ಆರು ನೂಲು ಅಂದ್ರ ಆರ ನೂಲು.
ಸಾಗವಾನಿ ಅವನ ಮಾತು ಮೀರತಿರಲಿಲ್ಲ,
ಮೀರಿದ್ರ ರಂದಾ ಇತ್ತು.
ಆ ಆರು ನೂಲು ಹತ್ತೊಂಬತ್ತು ಎಮ್ಮೆಮ್ಮು ಆಗಬೇಕಿತ್ತು,
ಹದಿನೆಂಟು ಅಂತ ಹೆಸರಿಟ್ರು,
ಒತ್ತಿ, ಉಜ್ಜಿ, ನುಣ್ಣಗ ಮಾಡಿ
ಅದರಾಗೂ ಒಂದೀಟು ತಿಂದ್ರು.
ಹೆಚ್ಚಾದದ್ದನ್ನ ಕೆತ್ತಬಹುದು,
ಕಡಿಮಿ ಆದದ್ದನ್ನ ತುಂಬೂ ರಂದಾ
ನಮ್ಮಪ್ಪನ ಪೆಟಗ್ಯಾಗೂ ಇರಲಿಲ್ಲ.

‘ನಾವು ನೇಯೂದೂ ನೂಲು, ನೀವು ಅಳಿಯೂದೂ ನೂಲೇನ್ರೀ?’
ಮಗ್ಗದ ಹಿಂದಿಂದ ಬಂದಾಕಿ ಬನಶ್ರೀ.
ಕಪಾಟು ಆಕೀದ, ಲಗ್ನಾನೂ ಆಕೀದ.
ನನ್ನ ಕೈಯಿಂದ ಕ್ಯಾಲಿಪರ್ ಇಸಗೊಂಡು
ಹಲಗಿಯ ಅಂಚು ಹಿಡದು ಓದಿದ್ಲು:
ಹದಿನೇಳು ಪಾಯಿಂಟ್ ಎರಡು.
ಈ ಮೂಲ್ಯಾಗ ಒಂದು. ಆ ಮೂಲ್ಯಾಗ ನಾಕು.
‘ಹದಿನೆಂಟು ಎಲ್ಲೂ ಇಲ್ಲಲ್ರೀ ಅಣ್ಣಾರ.’
‘ಅದು ಹೆಸರವಾ, ಅಳತಿ ಅಲ್ಲ,’ ಅಂದೆ,
ಪಟೇಲರು ನನಗ ಅಂದಂಗ.
ನಕ್ಕಳು.
‘ಹಂಗಾದ್ರ ನಾನೂ ಪ್ಲೈವುಡ್ಡ.’

ಬನದ ಹುಣ್ಣಿಮಿ ದಿನ ಹುಟ್ಟಿದಾಕಿ.
ಅಣ್ಣನ ಜೋಡಿ ಸಾಲಿಗೆ ಹೋಗಲಿ ಅಂತ
ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು,
ಹುಟ್ಟೂಕಿಂತ ಏಳೆಂಟು ತಿಂಗಳು ಮದಲ.
ಗಂಗಾಧರಪ್ಪ ಕಾಗದಾ ಝಾಡಿಸಿ ತೋರಿಸಿದ:
‘ತುಂಬ್ಯಾವ. ಶಿಕ್ಕಾ ಅದ ನೋಡು.’
ನೀಲಿ ಶಿಕ್ಕಾ.
ಒಳಗ ಕಂಡಿಕಿ ಸುತ್ತೂ ರಾಟಿ ನಿಂತಿತು,
ಆಮ್ಯಾಲ ಮತ್ತ ತಿರಗಿತು.

ಮಂದಿ ಮನಿ ಮಾತು. ಬಡಿಗ್ಯಾ ಏನಂದಾನು?
ಉಳಿ, ಕೊಡತಿ, ಗರಗಸ ಯಾವುದೂ ನಡಿಯೂ ಜಾಗಾ ಅಲ್ಲ.
ಇನ್ನೊಂದು ಹತಾರ ಇತ್ತು ನನ್ನ ಹಂತೇಕ:
‘ನಾಳೆ.’
ಬಡಿಗ್ಯಾನ ನಾಳೆ ಊರಿಗೆಲ್ಲಾ ಗೊತ್ತು,
ಅದೂ ಹೆಸರ, ಅಳತಿ ಅಲ್ಲ.

ಬಿಜಾಗರಿ ಹುಬ್ಬಳ್ಳಿಂದ ಬರಬೇಕ್ರಿ ಅಂದೆ.
ಬಂದ್ವು. ಮೈಕಾದ ಬಣ್ಣ ಕೂಡಲಿಲ್ಲ ಅಂದೆ.
ಸಂದಿಗೆ ಇಟ್ಟ ಚಕ್ಕಿ ಉಬ್ಬೇದ, ಒಣಗಲಿ ಅಂದೆ.
ಲಕ್ಷ್ಮೇಶ್ವರದ ಅತ್ತೀನ ಎರಡು ಸಲ ದವಾಖಾನಿಗೆ ಹಾಕಿದೆ;
ಆಕಿ ಅಲ್ಲಿ ಗಟ್ಟಿಮುಟ್ಟಾಗಿ
ಮಾಳಗಿ ಮ್ಯಾಲ ಮೆಣಸಿನಕಾಯಿ ಹರವತಿದ್ಲು.
ಆಷಾಢ ಬಂತು, ಹೋತು.
ಕಪಾಟಿಲ್ಲದ ಅಕ್ಕಿಕಾಳು ಬ್ಯಾಡಂದ್ರು ಬೀಗರು.
ಅವರ ಆಶಾ ನನಗ ಕೆಲಸಕ್ಕ ಬಂತು.
‘ನಾಕು ಹಲಗಿಗೆ ನಾಕು ತಿಂಗಳೇನೋ ಭಾಡ್ಯಾ!’
ಬೈಸಿಕೊಂಡೆ.
ಆಕಿ ಅವ್ವ ಮಾತ್ರ ಒಂದಿನಾನೂ ಕೇಳಲಿಲ್ಲ,
ಒಂದೊಂದು ಸುಳ್ಳಿಗೆ ಒಂದೊಂದು ಚಮಚಾ
ಚಹಾದಾಗ ಸಕ್ಕರಿ ಹೆಚ್ಚಾಕ್ಕೋತ ಹೋತು.

ಈಗ ಶಿಕ್ಕಾ ನೋಡಿ ಕೊರಿಯೂದಿಲ್ಲ ನಾನು.
ಅದ ಹಲಗಿಯ ತುಂಡು ತಂದು ನಿಂದರಸ್ತೇನಿ,
ಆ ಕಡೆ ಒಂದು ಗೀಟು, ಈ ಕಡೆ ಒಂದು ಗೀಟು,
ಸಣ್ಣ ಬಿಟ್ಟು, ಎರಡು ಸಲ.
ತನ್ನ ದಪ್ಪ ತಾನ ಹೇಳತದ ಅದು.

ಇವತ್ತು ಹೋಗಿದ್ದೆ. ಕಡೀ ಹಲಗಿ ಒಂದ ಉಳದದ.
ಗ್ವಾಡಿಯ ಕ್ಯಾಲೆಂಡರಿನ್ಯಾಗ ಬನಶ್ರೀ ಬಟ್ಟು ಇಟ್ಟು ಎಣಿಸಿದ್ಲು,
ಹುಣ್ಣಿಮಿಗೆ ಇನ್ನೂ ನಲವತ್ತೊಂದು ದಿನ.
ಅದಾದ ಮ್ಯಾಲ ಹೂಂ ಅಂದಾಳೋ, ಒಲ್ಲೆ ಅಂದಾಳೋ,
ಅದು ಆಕಿ ಅಳತಿ.
‘ಮುಗೀತೇನಪಾ ಒಮ್ಮೆ?’ ಅಂದ ಗಂಗಾಧರಪ್ಪ.
ತುಂಡು ನಿಂದರಸಿದೆ. ಗೀಟು ಎಳದೆ.
ಪೆನ್ಸಿಲ್ ಕಿವಿಗೆ ಸಿಗಸಿಕೊಂಡು ಎದ್ದೆ.

‘ನಾಳೆ ಬರ್ತೇನ್ರಿ.’